ನೀರಿದೆಯೆಂದು ಭಾವಿಸತಕ್ಕದ್ದು

ಗುಬ್ಬಿ
11 ಆಗಸ್ಟ್ 2024

ಮಲ್ಲನಕಟ್ಟೆಯ ಜಗಲಿಯ ಮೇಲೆ ನೆರೆದ ಮಹಾಜನರೇ! ತಾಯಂದಿರೇ! ಎಲೆಅಡಿಕೆ ಕುಟ್ಟುವುದನ್ನು ಒಂದು ಗಳಿಗೆ ನಿಲ್ಲಿಸಿರಿ! ಹಿಂದಿನ ಸಾಲಿನವರು ಗುಸುಗುಸು ಬಿಡಿರಿ! ಇಗೋ, ಗುಬ್ಬಿಯಿಂದ ನಾಟಕದ ಮೇಷ್ಟ್ರು ಚನ್ನವೀರಯ್ಯ ಮಾತಾಡುತ್ತಿದ್ದಾನೆ. ಓದುತ್ತಿರುವವಳು ಅವನ ಒಡಹುಟ್ಟಿದ ತಂಗಿ, ನಿಮ್ಮ ಪಂಚಾಯಿತಿಯ ಅಧ್ಯಕ್ಷೆ, ಶ್ರೀಮತಿ ದಾಕ್ಷಾಯಣಿ. ದನಿ ಅವಳದು, ಅಬ್ಬರ ನನ್ನದು!

ದಾಕ್ಷಾಯಣಿ, ಗಟ್ಟಿಯಾಗಿ ಓದುವಾಗ ನೀನು ನನ್ನ ಸಾಲುಗಳನ್ನು ಹಾರಿಸುತ್ತೀಯಂತೆ. ಶೆಟ್ಟಿಹಳ್ಳಿಯಿಂದ ಬಂದಿದ್ದ ನಿನ್ನ ಮಗಳು ಸಿಂಚನಾ ಸ್ಲೇಟಿನ ಮೇಲೆ ಬರೆದು ಚಾಡಿ ಹೇಳಿದಳು. ಕಿವಿ ಹೋದವನಿಗೆ ಫೋನೂ ಇಲ್ಲ, ಕಾಗದವೊಂದೇ ಗತಿ. ಅದರಲ್ಲೂ ಕತ್ತರಿ ಹಾಕಿದರೆ ಹೇಗಮ್ಮ?

ಈಗ ಸುದ್ದಿ. ಪರದೆ ಏಳುತ್ತದೆ ಕಣಮ್ಮ, ಪರದೆ ಏಳುತ್ತದೆ! ಕಿವಿ ಕೈಕೊಟ್ಟ ಮೇಲೆ ಯಾವ ತಂಡದವನೂ ನನ್ನ ಮನೆಯ ಹೊಸಿಲು ತುಳಿದಿರಲಿಲ್ಲ. ಹೋದ ವಾರ ಭೀಮರಾಜ್ ಎಂಬ ದೊಡ್ಡ ಮನುಷ್ಯ ಕಾರಿನಲ್ಲಿ ಬಂದ. ತುಮಕೂರಿನಲ್ಲಿ ಆಫೀಸು, ಬಡಾವಣೆ ಮಾಡಿ ಸೈಟು ಮಾರುವ ವ್ಯವಹಾರ. ಗಣಪತಿ ಹಬ್ಬದ ನೆಪದಲ್ಲಿ ಒಂದು ನಾಟಕ ಬೇಕಂತೆ. ಅದೂ ನನ್ನದೇ ರಚನೆಯ ಭಗೀರಥನ ನಾಟಕ! ಕ್ಯಾತ್ಸಂದ್ರದ ಹಾಸ್ಟೆಲ್ ಹುಡುಗರನ್ನು ಕಟ್ಟಿಕೊಂಡು ತಾಲೀಮು ಶುರು ಮಾಡಿದ್ದೇನೆ. ನನಗೆ ಶ್ರುತಿ ಕೇಳದಲ್ಲ, ಹಾರ್ಮೋನಿಯಂ ಲಕ್ಷ್ಮೀಕಾಂತ್ ಕಾಲಿನ ಹೆಬ್ಬೆರಳಿನಿಂದ ನನ್ನ ಪಾದ ತುಳಿಯುತ್ತಾನೆ. ತುಳಿದ ಕೂಡಲೇ ಹಾಡುತ್ತೇನೆ. ಹುಡುಗರು ನಗುತ್ತಾರೆ, ನಗಲಿ.

ನಾಟಕ ಎಲ್ಲಿ? ಹೇಳುವುದಿಲ್ಲ. ನಿಮ್ಮ ಕುಣಿಗಲ್ ಕಡೆಗೇ ಎಂದಷ್ಟು ಹೇಳಿ ಪರದೆ ಇಳಿಸುತ್ತೇನೆ.

ನಿನ್ನ ಅಣ್ಣ,
ಚನ್ನವೀರಯ್ಯ


ಮಲ್ಲನಕಟ್ಟೆ, ಕುಣಿಗಲ್ ತಾಲ್ಲೂಕು
20 ಆಗಸ್ಟ್ 2024

ಅಣ್ಣನಿಗೆ ದಾಕ್ಷಾಯಣಿಯ ಶರಣು.

ಕಾಗದ ಓದಿದೆ. ಒಂದು ಸಾಲನ್ನೂ ಹಾರಿಸಲಿಲ್ಲ. ಜಗಲಿಯಲ್ಲಿದ್ದ ನರಸಿಂಹಮ್ಮ ಕಣ್ಣೊರೆಸಿಕೊಂಡು, "ಮೇಷ್ಟ್ರು ಇನ್ನೂ ಬಣ್ಣ ಹಚ್ತಾವ್ರಲ್ಲ, ಅಷ್ಟೇ ಸಾಕು ಬುಡು" ಅಂದಳು. ನನಗೂ ಹಾಗೇ ಅನ್ನಿಸಿತು. ಸಮಯಕ್ಕೆ ಸರಿಯಾಗಿ ಊಟ ಮಾಡು.

ಇಲ್ಲಿ ಮಳೆ ಪರವಾಗಿಲ್ಲ. ಊರ ಸಿಸ್ಟನ್ನು, ಅದೇ ನಲ್ಲಿ ನೀರಿನ ತೊಟ್ಟಿ, ತುಂಬಿ ಹರಿಯುತ್ತಿದೆ. ಆದರೆ ನನಗೆ ಬೇಸಿಗೆಯದೇ ಯೋಚನೆ. ಊರಿನ ಪಕ್ಕ ಹೊಸ ಬಡಾವಣೆಯೊಂದಕ್ಕೆ ಅರ್ಜಿ ಬಂದಿದೆ. ಮೊದಲೆಲ್ಲ ನಾವು ಒಂದು ಕಟ್ಟುಪಾಡು ಇಟ್ಟುಕೊಂಡಿದ್ದೆವು, ನಿನಗೆ ನೆನಪಿರಬಹುದು. ಬಡಾವಣೆಯವರು ಕೊರೆಸಿದ ಬೋರನ್ನು ಸುಡುಬೇಸಿಗೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡಿಸಬೇಕು. ಆಗಲೂ ನಮ್ಮ ಸಿಸ್ಟನ್ನಿನ ಬೋರು ಸೋಲಲಿಲ್ಲವೆಂದರೆ ಮಾತ್ರ ಪಂಚಾಯಿತಿಯ ಒಪ್ಪಿಗೆ. ಈಗ ಮೇಲಿನಿಂದ ಕಾಯ್ದೆಗೆ ತಿದ್ದುಪಡಿಯಾಗಿದೆ. ನೀರಿನ ಬಗ್ಗೆ, ಬೋರು ಎಷ್ಟು ನೀರು ಕೊಡುತ್ತದೆಂಬ ಒಂದು ಇಳುವರಿ ಪತ್ರಕ್ಕಿಂತ ಹೆಚ್ಚಿಗೆ ನಾವು ಏನನ್ನೂ ಕೇಳುವ ಹಾಗಿಲ್ಲ. ಆ ಪತ್ರ ಮಳೆಗಾಲದ್ದಾದರೂ ಸರಿಯಂತೆ. ಅಡ್ಡಿ ಹೇಳುವುದಿದ್ದರೆ ಸಭೆ ಸೇರಿ, ಕಾರಣ ಬರೆದು, ಒಂದು ತಿಂಗಳೊಳಗೆ ಕಳಿಸಬೇಕು. ಕಳಿಸದಿದ್ದರೆ? ಅದರ ಮಾತಿನಲ್ಲೇ ಬರೆಯುತ್ತೇನೆ: "ಸದರಿ ಬಡಾವಣೆಗೆ ಸಾಕಷ್ಟು ನೀರು ಲಭ್ಯವಿದೆಯೆಂದು ಭಾವಿಸತಕ್ಕದ್ದು."

ಭಾವಿಸುವುದು ನಿಮ್ಮ ನಾಟಕದವರ ಮಾತಲ್ಲವೇ ಅಣ್ಣ? ಹಾಗೆಂದರೆ ಸರಿಯಾಗಿ ಏನು? ಯಾಕೋ ಆ ಮಾತು ಓದಿದಾಗಿನಿಂದ ಎದೆ ಹೊಡೆದುಕೊಳ್ಳುತ್ತಿದೆ.

ದಾಕ್ಷಾಯಣಿ


ಗುಬ್ಬಿ
26 ಆಗಸ್ಟ್ 2024

ಮಹಾಜನರೇ, ಕೇಳಿದಿರಾ? ಅಧ್ಯಕ್ಷೆಯಮ್ಮನವರಿಗೆ ಒಂದು ಶಬ್ದದ ಅರ್ಥ ಬೇಕಂತೆ! ತೆಗೆಯಿರಿ ಪರದೆ!

ದಾಕ್ಷಾಯಣಿ, ಭಾವಿಸುವುದೆಂದರೆ ನನ್ನ ಇಡೀ ಬಾಳು. ಕಬ್ಬಿಣದ ಕುರ್ಚಿ ತಂದಿಟ್ಟು, "ಸಿಂಹಾಸನವೆಂದು ಭಾವಿಸಿರಿ" ಎನ್ನುತ್ತೇನೆ. ಜನ ಭಾವಿಸುತ್ತಾರೆ. ಎರಡು ಬಾಳೆಕಂದು ನಿಲ್ಲಿಸಿದರೆ ದಂಡಕಾರಣ್ಯ. ನನ್ನ ಹಿತ್ತಾಳೆ ಬಿಂದಿಗೆ ನಿನಗೆ ಗೊತ್ತಲ್ಲ? ಅದರಲ್ಲಿ ಎಂದಾದರೂ ಒಂದು ಹನಿ ನೀರಿತ್ತೇ? ಆ ಖಾಲಿ ಬಿಂದಿಗೆಯನ್ನು ನಾನು ಬಗ್ಗಿಸಿದರೆ ಮುಂದಿನ ಸಾಲಿನವರು ಪಂಚೆ ಎತ್ತಿಕೊಂಡು ಹಿಂದೆ ಸರಿಯುತ್ತಿದ್ದರು. ಅದೇ ಭಾವಿಸುವುದು! ನಿನ್ನ ಕಾಯ್ದೆ ಬರೆದವನು ಯಾವನೋ ನಾಟಕದವನೇ ಇರಬೇಕು. ಸಿಕ್ಕಿದರೆ ಒಂದು ಶಾಲು ಹೊದಿಸುತ್ತೇನೆ.

ಎದೆ ಯಾಕೆ ಹೊಡೆದುಕೊಳ್ಳಬೇಕು? ಭಾವಿಸಿದರೆ ಯಾರ ಗಂಟು ಹೋಗುತ್ತದೆ? ಪರದೆ ಬಿದ್ದ ಮೇಲೆ ಕುರ್ಚಿ ಕುರ್ಚಿಯೇ. ಬಡಾವಣೆ ಬಂದರೆ ನಿನ್ನ ಊರಿಗೂ ನಾಲ್ಕು ದೀಪದ ಕಂಬ ಬರುತ್ತವೆ.

ತಾಲೀಮು ರಂಗೇರಿದೆ. ಭೀಮರಾಜಪ್ಪನವರಿಗೆ ರಾಜಸಭೆಯ ದೃಶ್ಯ ಬಹಳ ಹಿಡಿಸಿದೆ. "ಸಭಾಸದರಾಗಿ ಊರಿನ ಗಣ್ಯರನ್ನೇ ರಂಗದ ಮೇಲೆ ಕೂರಿಸೋಣ, ನೀವೇ ಕೈಯಾರೆ ಆಹ್ವಾನ ಬರೆಯಿರಿ" ಎಂದು ಹೆಸರುಗಳನ್ನು ಕೊಟ್ಟಿದ್ದಾರೆ. ಎಂಥ ರಸಿಕ ನೋಡು!

ನಾಟಕ ಸೆಪ್ಟೆಂಬರ್ ಹದಿನಾಲ್ಕು, ಶನಿವಾರ. ಆ ದಿನಕ್ಕೆ ನಿನ್ನ ರೇಷ್ಮೆ ಸೀರೆ ಹೊರಗೆ ತೆಗೆ. ಜಾಗ ಮಾತ್ರ ಇನ್ನೂ ಹೇಳುವುದಿಲ್ಲ!

ಚನ್ನವೀರಯ್ಯ


ಮಲ್ಲನಕಟ್ಟೆ
3 ಸೆಪ್ಟೆಂಬರ್ 2024

ಅಣ್ಣನಿಗೆ ಶರಣು.

ಶನಿವಾರದ ನಾಟಕವನ್ನು ಒಂದು ವಾರ ಮುಂದಕ್ಕೆ ಹಾಕಲು ಆಗುತ್ತದೆಯೇ? ಹಾಕಿದರೆ ನನಗೆ ತುಂಬ ಅನುಕೂಲ.

ಇದರ ಕೆಳಗೆ ಎರಡು ಸಾಲು ಬರೆದು ಹೊಡೆದುಹಾಕಿದ್ದೇನೆ. ಪೆನ್ನು ಸರಿಯಿರಲಿಲ್ಲ. ಬೇಸರ ಮಾಡಿಕೊಳ್ಳಬೇಡ.

ಕೆಮ್ಮು ಹೇಗಿದೆ? ಮೆಣಸಿನ ಕಷಾಯ ಬಿಡಬೇಡ.

ದಾಕ್ಷಾಯಣಿ


ಗುಬ್ಬಿ
8 ಸೆಪ್ಟೆಂಬರ್ 2024

ದಾಕ್ಷಾಯಣಿ, ದಾಕ್ಷಾಯಣಿ! ಭಗೀರಥ ಮಹಾರಾಜ ತಪಸ್ಸಿಗೆ ಹೊರಟು ನಿಂತಿದ್ದಾನೆ, "ಬರುವ ವಾರ ಹೋದರಾಗದೇ ಅಣ್ಣ" ಎನ್ನುತ್ತೀಯಲ್ಲ! ಆಗದಮ್ಮ. ಪರದೆಯವನಿಗೆ ಮಾತು ಕೊಟ್ಟಾಗಿದೆ. ಮರುವಾರ ಹುಡುಗರಿಗೆ ಪರೀಕ್ಷೆ. ಭೀಮರಾಜಪ್ಪನವರಂತೂ ದಿನ ಬಿಟ್ಟುಕೊಡುವುದಿರಲಿ, ಹೊತ್ತನ್ನೂ ಬಿಟ್ಟುಕೊಡಲೊಲ್ಲರು. ಮಧ್ಯಾಹ್ನವೇ ಹೋಳಿಗೆ ಊಟ, ಮೂರಕ್ಕೆಲ್ಲ ನಾಟಕ ಶುರು. ಪೌರಾಣಿಕ ನಾಟಕವನ್ನು ಹಗಲಿನಲ್ಲಿ ಆಡುವುದೇ ಎಂದು ಕೇಳಿದೆ. ಅವರು ಸ್ಲೇಟಿನ ಮೇಲೆ ಬರೆದರು: "ಗಂಗೆ ಎಲ್ಲರಿಗೂ ಕಾಣಿಸಬೇಕು." ಇಂಥ ಮಾತಿಗೆ ಎದುರಾಡುವುದು ಹೇಗೆ?

ನಿನಗೆ ಮನೆಗೆಲಸವೋ, ಮೀಟಿಂಗೋ ಏನಿದ್ದರೂ ಅತ್ತ ತಳ್ಳು. ಮುಂದಿನ ಸಾಲಿನಲ್ಲಿ ನಿನಗೊಂದು ಕುರ್ಚಿ ಹಾಕಿಸಿ, ಬೇರೆ ಯಾರೂ ಕೂರದ ಹಾಗೆ ನನ್ನ ಶಲ್ಯ ಹೊದಿಸಿರುತ್ತೇನೆ.

ಅಂದಹಾಗೆ, ಹೊಡೆದುಹಾಕಿದ ಸಾಲುಗಳಲ್ಲಿ ಏನಿತ್ತು? ಅಣ್ಣನನ್ನು ಬೈದಿದ್ದೆಯಾ? ಬೈದಿದ್ದರೆ ಬಿಡಬೇಕಿತ್ತು, ಜಗಲಿಯವರಿಗೆ ನಗೆಯಾದರೂ ಸಿಗುತ್ತಿತ್ತು.

ಚನ್ನವೀರಯ್ಯ


ಗುಬ್ಬಿ
16 ಸೆಪ್ಟೆಂಬರ್ 2024

ಮಹಾಜನರೇ! ಅಲ್ಲ, ನಿಮಗೆ ನಾನೇನು ಹೇಳಲಿ? ನೀವೆಲ್ಲ ಅಲ್ಲೇ ಇದ್ದಿರಲ್ಲ! ನಿಮ್ಮ ಊರಿನ ಪಕ್ಕದಲ್ಲೇ, ಭೀಮರಾಜಪ್ಪನವರ ಹೊಸ ಬಡಾವಣೆ ಭಾಗೀರಥಿ ಎನ್‌ಕ್ಲೇವಿನ ಕಮಾನಿನ ಕೆಳಗೇ ನಾಟಕ! ಹೇಗಿತ್ತು ನನ್ನ ಗುಟ್ಟು?

ಇರದಿದ್ದವಳು ಒಬ್ಬಳೇ. ಅವಳಿಗಾಗಿ ಬರೆಯುತ್ತೇನೆ.

ದಾಕ್ಷಾಯಣಿ, ರಾಜಸಭೆ ನೋಡಬೇಕಿತ್ತು. ನಿನ್ನ ಪಂಚಾಯಿತಿಯ ಸದಸ್ಯರೆಲ್ಲ ಜರಿಪೇಟ ಸುತ್ತಿ ಸಾಲಾಗಿ ಕೂತಿದ್ದರು. ಗಂಗರಾಜು ಮಹಾಮಂತ್ರಿ, ನರಸಿಂಹಮ್ಮ ರಾಜಮಾತೆ. ಗಂಗರಾಜುವಿನ ಪೇಟ ಕಣ್ಣಿನ ಮೇಲೆ ಇಳಿದು, "ಮೇಷ್ಟ್ರೇ, ಏನೂ ಕಾಣಾಕಿಲ್ಲ" ಅಂತಿದ್ದಾನೆ, ತುಟಿ ನೋಡಿ ತಿಳಿದುಕೊಂಡೆ. "ಮಂತ್ರಿಗೆ ಕಾಣಬಾರದು ಕಣಯ್ಯ, ಕೂತ್ಕೋ" ಅಂದೆ. ನಾನು ಮೆಲ್ಲಗೆ ಹೇಳಿದ್ದೂ ಮೈಕಿನಲ್ಲಿ ಹೋಯಿತಂತೆ, ಜನ ಬಿದ್ದು ಬಿದ್ದು ನಕ್ಕರು.

ಆಮೇಲೆ ನಾನು ಕೈ ಎತ್ತಿ ಕೇಳಿದೆ: "ಸಭಾಸದರೇ! ಈ ನೆಲಕ್ಕೆ ಗಂಗೆಯನ್ನು ತರುತ್ತೇನೆ. ನಿಮ್ಮ ಅಭಿಪ್ರಾಯವೇನು?" ಎಲ್ಲರೂ ಒಟ್ಟಿಗೆ ಕೈ ಎತ್ತಿದರು. "ಸಮ್ಮತಿ! ಸಮ್ಮತಿ!" ಕಲಿಸಿದ್ದಕ್ಕಿಂತ ಚೆನ್ನಾಗಿ ಹೇಳಿದರೆಂದು ಲಕ್ಷ್ಮೀಕಾಂತ್ ಸ್ಲೇಟಿನಲ್ಲಿ ಬರೆದ.

ಕೊನೆಗೆ ಗಂಗೆ! ಶಿವನ ಪಾತ್ರದ ಹುಡುಗ ಜಟೆ ಕೆದರಿದ ಕೂಡಲೇ ಭೀಮರಾಜಪ್ಪನವರು ಬೋರಿನ ಗುಂಡಿ ಒತ್ತಿಸಿದರು. ನಿಜವಾದ ನೀರು ಕಣಮ್ಮ! ತೊಡೆಗಾತ್ರ ಚಿಮ್ಮಿ, ಶಿವನ ಜಟೆಯನ್ನೇ ಕೊಚ್ಚಿಕೊಂಡು ಹೋಯಿತು. ಚಪ್ಪಾಳೆ ನನಗೆ ಕೇಳಲಿಲ್ಲ, ಕಂಡಿತು. ಇಡೀ ಬಾಳು ಖಾಲಿ ಬಿಂದಿಗೆ ಬಗ್ಗಿಸಿದವನು ನಾನು. ಅಂದು ನನ್ನ ಕಾಲಬುಡದಲ್ಲಿ ನಿಜವಾದ ನೀರು ಹರಿಯಿತು. ನಾನು ಅತ್ತುಬಿಟ್ಟೆ. ಬಣ್ಣದ ಜೊತೆ ಕಣ್ಣೀರೂ ಇಳಿದು ಹೋಯಿತು.

ನಿನ್ನ ಕುರ್ಚಿ ಖಾಲಿ ಇತ್ತು. ರಂಗದಿಂದ ನೋಡಿದರೆ ರಸ್ತೆಯಾಚೆ ಪಂಚಾಯಿತಿ ಕಟ್ಟಡದ ಬಾಗಿಲು ತೆರೆದಿತ್ತು. ಒಳಗೆ ಯಾರೋ ಮೇಜಿನ ಮುಂದೆ ಒಬ್ಬರೇ ಕೂತಂತಿತ್ತು. ಇಡೀ ಊರು ಭಗೀರಥನ ಮುಂದಿರುವಾಗ ಬಾಗಿಲು ಹಾಕದೆ ಕೂತ ಆ ಅರಸಿಕರು ಯಾರಮ್ಮ?

ನೀನು ಯಾಕೆ ಬರಲಿಲ್ಲ?

ಅಣ್ಣ


ಮಲ್ಲನಕಟ್ಟೆ
2 ಅಕ್ಟೋಬರ್ 2024

ಅಣ್ಣನಿಗೆ ಶರಣು.

ನಾಟಕ ತುಂಬ ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು. ನನಗೆ ಆ ದಿನ ತಲೆನೋವು. ನಿನ್ನ ಶಲ್ಯವನ್ನು ಒಗೆದು ಇಟ್ಟಿದ್ದೇನೆ, ಸಿಂಚನಾಳ ಕೈಯಲ್ಲಿ ಕಳಿಸುತ್ತೇನೆ.

ದಾಕ್ಷಾಯಣಿ


ಗುಬ್ಬಿ
4 ನವೆಂಬರ್ 2024

ದಾಕ್ಷಾಯಣಿ,

ದೀಪಾವಳಿಗೆ ನೀನು ಬರಲಿಲ್ಲ. ಶಲ್ಯ ಬಂತು, ಇಸ್ತ್ರಿ ಮಾಡಿಸಿ ಕಳಿಸಿದ್ದೀಯೆ. ಪರರ ಬಟ್ಟೆ ಹಿಂದಿರುಗಿಸಿದ ಹಾಗೆ.

ನನಗೆ ಅರ್ಥವಾಗುತ್ತದೆ. ಅಧ್ಯಕ್ಷೆಯ ಅಣ್ಣ ಈ ವಯಸ್ಸಿನಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡು, ಅವಳದೇ ಊರಿನಲ್ಲಿ, ಅವಳದೇ ಸದಸ್ಯರ ಮುಂದೆ ಕುಣಿದದ್ದು ನಿನಗೆ ನಾಚಿಕೆಯಾಯಿತು. ಅದಕ್ಕೇ ದಿನ ಮುಂದೆ ಹಾಕು ಎಂದೆ. ಅದಕ್ಕೇ ತಲೆನೋವು. ಹೊಡೆದುಹಾಕಿದ ಸಾಲುಗಳೂ ಅವೇ ಇರಬೇಕು. ನಮ್ಮ ಅಪ್ಪನೂ ಹಾಗೆಯೇ, ನಾಟಕದ ದಿನ ಊರಲ್ಲಿರುತ್ತಿರಲಿಲ್ಲ. ನೀನೊಬ್ಬಳು ಹಾಗಲ್ಲ ಎಂದುಕೊಂಡಿದ್ದೆ.

ಜಗಲಿಯವರಿಗೆ ಈ ಕಾಗದ ಓದಬೇಡ. ಇನ್ನು ಮೇಲೆ ನಾನೂ ಕಾಗದದಲ್ಲಿ ಕೂಗುವುದಿಲ್ಲ.

ಚನ್ನವೀರಯ್ಯ


ಮಲ್ಲನಕಟ್ಟೆ
9 ಏಪ್ರಿಲ್ 2025

ಅಣ್ಣಾ,

ಇಷ್ಟು ತಿಂಗಳು ಬರೆಯಲಿಲ್ಲ. ಬರೆದರೆ ನಿಜ ಬರೆಯಬೇಕಾಗುತ್ತಿತ್ತು.

ಯುಗಾದಿಗೆ ಊರಲ್ಲಿ ಎಣ್ಣೆಸ್ನಾನಕ್ಕೆ ನೀರಿರಲಿಲ್ಲ. ಸಿಸ್ಟನ್ನಿನ ಬೋರು ಸೋತುಹೋಗಿದೆ. ಬಡಾವಣೆಯ ಬೋರು ನಮ್ಮದಕ್ಕಿಂತ ಎರಡು ಪಟ್ಟು ಆಳ. ಅಲ್ಲಿ ಇನ್ನೂ ಒಂದು ಮನೆಯೂ ಎದ್ದಿಲ್ಲ. ಆದರೂ ಹುಲ್ಲುಹಾಸಿಗೆ, ಕಮಾನಿನ ಮುಂದಿನ ಕಾರಂಜಿಗೆ ಚಳಿಗಾಲವೆಲ್ಲ ಓಡಿಸಿದರು. ಈಗ ಅದೂ ಕೆಮ್ಮುತ್ತಿದೆಯಂತೆ. ಆದರೂ ಭಾನುವಾರ ಬಂದರೆ ಸೈಟು ನೋಡುವವರ ಕಾರುಗಳು. ಅವರು ಬರುವ ಹೊತ್ತಿಗೆ ಸರಿಯಾಗಿ ಟ್ಯಾಂಕರಿನಿಂದ ಕಾರಂಜಿ ತುಂಬಿಸುತ್ತಾರೆ.

ಇವತ್ತು ಬೆಳಿಗ್ಗೆ ನೀರುಗಂಟಿ ಚಿಕ್ಕಹನುಮಯ್ಯ ವಾಲ್ವು ತಿರುಗಿಸಿದ. ನಲ್ಲಿಯಲ್ಲಿ ಬರೀ ಗಾಳಿ. "ಅಮ್ಮಾವ್ರೇ, ನಿಮ್ಮಣ್ಣಾರ್ ಥರ ಸದ್ದು ಜೋರಾಗೈತೆ, ನೀರು ಮಾತ್ರ ಇಲ್ಲ" ಅಂದ. ಬಿಂದಿಗೆ ಹಿಡಿದು ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಬಂದು ಈ ಕಾಗದ ಬರೆಯಲು ಕೂತೆ.

ಆ ದಿನ ತೆರೆದ ಬಾಗಿಲಿನೊಳಗೆ ಒಬ್ಬಳೇ ಕೂತಿದ್ದವಳು ನಾನು. ಅಡ್ಡಿಯ ಪತ್ರ ಕಳಿಸಲು ಸೋಮವಾರ ಕಡೆಯ ದಿನ. ನೋಟೀಸು ಕೊಟ್ಟು ಸಭೆ ಕರೆಯಲು ಆ ಶನಿವಾರ ಬಿಟ್ಟರೆ ದಿನ ಸಿಗಲಿಲ್ಲ. ಮೂರು ಗಂಟೆಗೆ ಸಭೆ. ಅರ್ಧದಷ್ಟು ಸದಸ್ಯರಾದರೂ ಕೂರದಿದ್ದರೆ ಅದು ಸಭೆಯೇ ಅಲ್ಲ. ನನ್ನ ನೋಟೀಸು ಟೈಪು ಮಾಡಿದ್ದು. ನಿನ್ನ ಆಹ್ವಾನದಲ್ಲಿ "ಸಭಾಸದರೇ" ಎಂದು ಚಿತ್ರದಂಥ ಅಕ್ಷರ. ಅವರು ಯಾವ ಸಭೆಗೆ ಹೋಗುತ್ತಾರೆ ಹೇಳು.

ನಿನ್ನ ದನಿ ಕಿಟಕಿಯಿಂದ ಬರುತ್ತಿತ್ತು. "ನಿಮ್ಮ ಅಭಿಪ್ರಾಯವೇನು?" ಎಂದು ನೀನು ಕೇಳಿದೆ. ನನ್ನ ಸದಸ್ಯರೆಲ್ಲ ಒಟ್ಟಿಗೆ "ಸಮ್ಮತಿ" ಎಂದರು. ನಾನು ಕೇಳಬೇಕಿದ್ದ ಪ್ರಶ್ನೆಗೆ ಅವರು ನಿನಗೆ ಉತ್ತರ ಕೊಟ್ಟರು.

ಆಮೇಲೆ ಮೇಲಿನವರಿಗೆ ಬರೆದುಕೊಂಡೆ. "ನೀರು ಲಭ್ಯವಿದೆಯೆಂದು ಈಗಾಗಲೇ ಭಾವಿಸಲಾಗಿದೆ" ಎಂದು ಉತ್ತರ ಬಂತು. ನಿಮ್ಮಲ್ಲಿ ಪರದೆ ಬಿದ್ದರೆ ಕುರ್ಚಿ ಕುರ್ಚಿಯೇ ಎಂದು ನೀನು ಬರೆದಿದ್ದೆ. ಇವರಲ್ಲಿ ಪರದೆ ಬೀಳುವುದೇ ಇಲ್ಲ ಅಣ್ಣ.

ನಾಚಿಕೆ ಎಂದು ಬರೆದೆಯಲ್ಲ, ಅದು ಮಾತ್ರ ಸುಳ್ಳು. ನಾನು ಹೊಡೆದುಹಾಕಿದ ಸಾಲುಗಳು ಇವು: "ಆ ಶನಿವಾರ ನಮ್ಮೂರಿನ ನೀರಿನ ಸಭೆ. ನೀನು ಆಡುವ ಜಾಗಕ್ಕೇ ನಾನು ಬೇಡ ಎನ್ನಬೇಕಾಗಿದೆ." ನೀನು ಗುಟ್ಟೆಂದುಕೊಂಡಿದ್ದರೂ ಊರ ಗೋಡೆಗಳ ಮೇಲೆ ನಿನ್ನ ಮುಖದ ಪೋಸ್ಟರು ಅಂಟಿಸಿ ಆಗಲೇ ನಾಲ್ಕು ದಿನವಾಗಿತ್ತು. ಹೋದ ವರ್ಷದ ಶಿವರಾತ್ರಿಗೆ ಗುಬ್ಬಿಗೆ ಬಂದಾಗ, ನೀನು ಹಿತ್ತಲಲ್ಲಿ ಒಣಗಹಾಕಿದ ಬಟ್ಟೆಗಳ ಮುಂದೆ ನಿಂತು ಮಾತು ಒಪ್ಪಿಸುತ್ತಿದ್ದೆ. ಕೊನೆಗೆ ಆ ಪಂಚೆ, ಟವೆಲುಗಳಿಗೆ ಕೈ ಮುಗಿದೆ. ನಾನು ಬಾಗಿಲ ಹಿಂದೆ ಇದ್ದೆ. ಅದನ್ನು ನೋಡಿದ ಮೇಲೆ ನಿನ್ನ ನಾಟಕ ನಿಲ್ಲಿಸು ಎಂದು ಬರೆಯಲು ಕೈ ಬರಲಿಲ್ಲ.

ಬರೆಯಬೇಕಿತ್ತು. ಅಣ್ಣನಿಗಿಂತ ಊರು ದೊಡ್ಡದಿತ್ತು.

ದಾಕ್ಷಾಯಣಿ


ಗುಬ್ಬಿ
19 ಏಪ್ರಿಲ್ 2025, ಶನಿವಾರ

ದಾಕ್ಷಾಯಣಿ,

ಈ ಕಾಗದಕ್ಕೆ ಮಹಾಜನರಿಲ್ಲ. ನಿನಗೊಬ್ಬಳಿಗೆ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಪ್ರತಿ ಸಲವೂ ಆ ಕಿಟಕಿಯ ಹತ್ತಿರ ಬಂದು ನಿಲ್ಲುತ್ತೇನೆ. ರಂಗದ ಮೇಲೆ ನಾನು ಕೈ ಎತ್ತಿದ್ದೇನೆ, ಒಳಗೆ ನೀನು ಖಾಲಿ ಕುರ್ಚಿಗಳ ಮುಂದೆ ಕೂತಿದ್ದೀಯೆ. ನಿನ್ನ ಒಂದು ಖಾಲಿ ಕುರ್ಚಿಗೆ ನಾನು ತಿಂಗಳುಗಟ್ಟಲೆ ಮುನಿಸಿಕೊಂಡೆ. ನಿನ್ನ ಮುಂದಿನ ಕುರ್ಚಿಗಳನ್ನೆಲ್ಲ ಖಾಲಿ ಮಾಡಿಸಿದವನು ನಾನೇ.

ನೀನು ಎರಡು ಸಾಲು ಮುಚ್ಚಿಟ್ಟೆ. ನಾನು ಮುಚ್ಚಿಟ್ಟದ್ದು ಹೆಚ್ಚು. ನಿನ್ನ ಊರಿನ ಪಕ್ಕದ ಬಡಾವಣೆ ಯಾವುದೆಂದು ನೀನು ಬರೆದ ದಿನವೇ ನನಗೆ ಗೊತ್ತಾಗಿತ್ತು. ಗುಟ್ಟು ಹಾಳಾಗುತ್ತದೆಂದು ಸುಮ್ಮನಿದ್ದೆ. ಎದೆ ಹೊಡೆದುಕೊಳ್ಳುತ್ತಿದೆ ಎಂದು ನೀನು ಬರೆದಿದ್ದೆ. ನಾನು ಆ ಮಾತು ಬಿಟ್ಟು ಶಬ್ದದ ಅರ್ಥ ಹೇಳಿದೆ. ಭೀಮರಾಜ್ ಕೊಟ್ಟ ಹೆಸರುಗಳು ನಿನ್ನ ಸದಸ್ಯರವೇ ಎಂದು ತಿಳಿದೂ ಯಾಕೆ ಎಂದು ಕೇಳಲಿಲ್ಲ. ಮಧ್ಯಾಹ್ನ ಮೂರೇ ಯಾಕೆ ಎಂದು ಕೇಳಿದೆ, ಒಂದು ಚಂದದ ಮಾತಿಗೆ ಸೋತುಹೋದೆ. ಚಂದದ ಮಾತಿನಿಂದಲೇ ಊರೂರು ಗೆದ್ದವನನ್ನು ಗೆಲ್ಲಲು ಇನ್ನೇನು ಬೇಕಿತ್ತು?

ಮೊನ್ನೆ ಸಿಂಚನಾಳ ಜೊತೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿರುವ ಭೀಮರಾಜನ ಆಫೀಸಿಗೆ ಹೋಗಿದ್ದೆ. ನಗುನಗುತ್ತಾ ಕಾಫಿ ತರಿಸಿದ. ಸ್ಲೇಟು ಇಸಕೊಂಡು ಬರೆದ: "ಕಾನೂನು ಪ್ರಕಾರ ನೀರಿದೆ ಮೇಷ್ಟ್ರೇ." ಸಿಂಚನಾ ಎದ್ದುನಿಂತು ಏನೋ ಕೂಗಿದಳು. ಅವಳ ತುಟಿ ಓದಿದೆ: "ಕಾನೂನ್‌ನ ಬಿಂದಿಗೇಲಿ ಹಿಡಿಯಕ್ಕಾಗ್ತದೇನ್ರೀ?" ನಿನ್ನ ಮಗಳು. ಅಂಥ ಸಾಲು ನನ್ನ ಯಾವ ನಾಟಕದಲ್ಲೂ ಇಲ್ಲ. ಇದ್ದಿದ್ದರೂ ಆ ಶನಿವಾರ ನಾನು ಅದನ್ನು ಆಡುತ್ತಿರಲಿಲ್ಲ.

ಬತ್ತಿದ ಬೋರಿಗೆ ನನ್ನಿಂದ ನೀರು ಬರುವುದಿಲ್ಲ ಎಂದು ಗೊತ್ತು. ಕಾಯ್ದೆ ತಿದ್ದುವ ಕೈಯೂ ನನ್ನದಲ್ಲ. ಆದರೆ ನಾಳೆ ಭಾನುವಾರ. ಸಾಲ ಸೋಲ ಮಾಡಿ ಸೈಟು ಕೊಳ್ಳಲು ಗಂಡ ಹೆಂಡತಿ ಮಕ್ಕಳ ಸಮೇತ ಬರುವವರು ಆ ಕಾರಂಜಿಯನ್ನು ನೋಡಿ ಚಪ್ಪಾಳೆ ತಟ್ಟುತ್ತಾರೆ. ನನ್ನ ಜನ ತಟ್ಟಿದ ಹಾಗೆ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಭಗೀರಥನ ಕಿರೀಟ, ಹಿತ್ತಾಳೆ ಬಿಂದಿಗೆ ಎರಡನ್ನೂ ಚೀಲಕ್ಕೆ ಹಾಕಿಟ್ಟಾಗಿದೆ. ಪಾದ ತುಳಿಯಲು ಲಕ್ಷ್ಮೀಕಾಂತ್ ಬರುತ್ತೇನೆಂದ. ಬೇಡ ಎಂದೆ, ನಾಳೆ ಹಾಡಿಲ್ಲ. ಈ ಕಾಗದ ನಿನ್ನನ್ನು ಮುಟ್ಟುವ ಮೊದಲು ನನ್ನ ದನಿ ಮುಟ್ಟಿರುತ್ತದೆ, ಅದೇ ಕಿಟಕಿಯಿಂದ. ಕಾರುಗಳು ಬರುವ ಹೊತ್ತಿಗೆ ಕಮಾನಿನ ಕೆಳಗೆ ನಿಂತಿರುತ್ತೇನೆ. ಇಳಿದು ಬಂದ ಪ್ರತಿಯೊಬ್ಬರಿಗೂ ಬೊಗಸೆ ಒಡ್ಡಲು ಹೇಳಿ, ಖಾಲಿ ಬಿಂದಿಗೆಯನ್ನು ಪೂರ್ತಿ ಬಗ್ಗಿಸಿ, ಈ ಗಂಟಲಲ್ಲಿ ಉಳಿದಿರುವಷ್ಟು ದನಿಯಿಂದ ಕೂಗುತ್ತೇನೆ: "ಕುಡಿಯಿರಿ ಮಹಾಜನರೇ! ನೀರಿದೆಯೆಂದು ಭಾವಿಸತಕ್ಕದ್ದು!"

ನಿನ್ನ ಅಣ್ಣ